ಉಪ್ಪು ನೀರಿನ ದೂರು

ಪೆಟೂನಿಯಾ ಗಿಡದ ಎಲೆ ಹಳದಿಯಾಗಿದೆ, ಏನು ಮಾಡಲಿ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕೇಳುವವರ ತಪ್ಪೇನಿಲ್ಲ. ನನಗೆ ಗಿಡದ ಹುಚ್ಚಿದೆ ಎಂದು ಯಾರೋ ಹೇಳಿರುತ್ತಾರೆ. ಪಾಪ, ಒಂದು ಎಲೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಿರುತ್ತಾರೆ. ನಾನೂ ಹೇಳಬೇಕಾದ್ದನ್ನೆಲ್ಲ ಹೇಳುತ್ತೇನೆ. ಬುಡದಲ್ಲಿ ನೀರು ನಿಲ್ಲುತ್ತದೆಯೇ ನೋಡಿ. ಗಿಡ ಉದ್ದಕ್ಕೆ ಹೋಗಿ ಬೋಳಾಗಿದ್ದರೆ ತುದಿ ಚಿವುಟಿ. ಬರೀ ಎಲೆ, ಹೂವೇ ಇಲ್ಲ ಎಂದಾದರೆ ಗೊಬ್ಬರ ನಿಲ್ಲಿಸಿ ಬಿಸಿಲಿಗೆ ಇಡಿ. ಇಷ್ಟೆಲ್ಲ ಹೇಳಿ ಮುಗಿದ ಮೇಲೆ, "ಮೊದಲು ನಿಮ್ಮ ಕೈ ಮೂಸಿ ನೋಡಿಕೊಳ್ಳಿ" ಎನ್ನುತ್ತೇನೆ. ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಯುದ್ಧದ ಕಾಲ, ನಲವತ್ಮೂರು-ನಲವತ್ನಾಲ್ಕರ ಸುಮಾರು. ನಾನು ಹೊನ್ನಾವರದ ಒಂದು ಸಣ್ಣ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸನ್ನು ಅಕ್ಕೋರು ಎಂದೇ ಕರೆಯುವುದು, ವಯಸ್ಸು ಎಷ್ಟೇ ಇರಲಿ. ನನ್ನ ವಯಸ್ಸು ಇಪ್ಪತ್ಮೂರು. ಹದಿನೇಳಕ್ಕೆ ಗಂಡ ತೀರಿಕೊಂಡಿದ್ದರು. ಕುಮಟೆಯ ತವರುಮನೆಯಲ್ಲಿ ನನ್ನನ್ನು ಮೂಲೆಗೆ ಕೂರಿಸುವುದೆಂದು ಎಲ್ಲರೂ ತೀರ್ಮಾನ ಮಾಡಿ ಆಗಿತ್ತು. ಅಪ್ಪ ಒಬ್ಬನೇ ಹಟ ಹಿಡಿದು ಧಾರವಾಡಕ್ಕೆ ಕಳಿಸಿ ಟ್ರೇನಿಂಗ್ ಮಾಡಿಸಿದ. ಹಾಗಾಗಿ ಬಿಳಿ ಸೀರೆ ಉಟ್ಟು, ಬರಿಹಣೆಯಲ್ಲಿ, ಹೊನ್ನಾವರದ ಹುಡುಗಿಯರಿಗೆ ಮಗ್ಗಿ ಬಾಯಿಪಾಠ ಮಾಡಿಸುವ ಕೆಲಸ ನನಗೆ ಸಿಕ್ಕಿತು.

ಗಿಡದ ಹುಚ್ಚು ಚಿಕ್ಕಂದಿನಿಂದ ಇತ್ತು. ಹೊನ್ನಾವರಕ್ಕೆ ಬಂದ ಮೊದಲ ವರ್ಷ ಬಿಡಾರದ ಹಿಂದೆ ಎರಡು ಅಬ್ಬಲಿಗೆ, ಅಂದರೆ ಕನಕಾಂಬರದ, ಗಿಡ ನೆಟ್ಟೆ. ಮೊಗ್ಗು ಬಂದ ದಿನ ಬಿಡಾರದ ಯಜಮಾನ್ತಿ ಬಾಗಿಲಲ್ಲಿ ನಿಂತು, ನಗುನಗುತ್ತಲೇ, "ಯಾರ ಮುಡಿಗೆ ಅಕ್ಕೋರೆ ಇದು?" ಎಂದಳು. ಅವತ್ತು ಸಂಜೆಯೇ ಎರಡೂ ಗಿಡ ಕಿತ್ತು ಬೇಲಿಯಾಚೆ ಎಸೆದೆ. ಅವಳ ಮೇಲಿನ ಸಿಟ್ಟಿಗೆ ಗಿಡ ಕಿತ್ತೆನಲ್ಲ, ಅದಕ್ಕೆ ಇನ್ನೂ ಸಿಟ್ಟು ಬರುತ್ತದೆ. ಅವಳ ಮಾತಿಗೆ ಉತ್ತರ ಕೊಡಲು ಬಾಯಿ ಇರಲಿಲ್ಲವೇ ನನಗೆ? ಹುಡುಗಿಯರ ಮುಂದೆ ಎಷ್ಟು ದೊಡ್ಡ ಬಾಯಿ ಇತ್ತು!

ಆ ವರ್ಷ ಶಾಲೆ ತಪಾಸಣೆಗೆ ಬಂದ ಸಾಹೇಬರು ಧಾರವಾಡದ ಕಡೆಯವರು. ಶಾಲೆಗಳ ಡೆಪ್ಯುಟಿ ಇನ್ಸ್‌ಪೆಕ್ಟರರು, ಅವರನ್ನು ಊರೆಲ್ಲ ದಿಪೋಟಿ ಸಾಹೇಬರು ಎನ್ನುತ್ತಿತ್ತು. ನಮ್ಮ ಬೋಳು ಅಂಗಳ ನೋಡಿ ಬೇಸರವಾಯಿತೋ ಏನೋ, ಹೋಗುವಾಗ ತಮ್ಮ ಚೀಲದಿಂದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿತ್ತರು. "ಪೆಟೂನಿಯಾ ಬೀಜ ಅದಾವ್ರಿ ಬಾಯಾರ. ನಮ್ಮ ಮನ್ಯಾಗಿನವು. ಮುಂದಿನ ಸಲ ಬರೂದ್ರಾಗ ಹೂ ನೋಡಬೇಕು ನಾ" ಎಂದರು. ಅವರಿಗೆ ಅದು ಬಾಯಿಮಾತು. ನಮ್ಮ ಹೆಡ್ ಮಾಸ್ತರರಿಗೆ ಅದು ಸರ್ಕಾರದ ಹುಕುಂ. ನನಗೆ ಅದು ಬೇರೆಯೇ ಆಯಿತು. ದೇವರಿಗೆ ಏರಿಸದ, ಮುಡಿಗೆ ಮುಡಿಯದ, ಯಾವ ಶಾಸ್ತ್ರಕ್ಕೂ ಬೇಡದ ಹೂವು ಅದು. ಅದನ್ನು ಬೆಳೆದರೆ ಯಾರ ಮುಡಿಗೆ ಎಂದು ಯಾವ ಯಜಮಾನ್ತಿಯೂ ಕೇಳುವಂತಿರಲಿಲ್ಲ. ಊರಿನವರು ಅದಕ್ಕೆ 'ದಿಪೋಟಿ ಹೂ' ಎಂದು ಹೆಸರಿಟ್ಟು ನಕ್ಕರು. ನಗಲಿ. ನನ್ನದು ಎಂದು ಹೇಳಿಕೊಳ್ಳಲು ನನಗೂ ಒಂದು ಹೂವು ಸಿಕ್ಕಿತಲ್ಲ.

ಶಾಲೆಯಲ್ಲಿ ಅಂಗಳ ಗುಡಿಸಿ ಗಿಡಗಳಿಗೆ ನೀರು ಹಾಕಲು ಒಬ್ಬ ಹೆಂಗಸಿದ್ದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಹೊಳೆ ನಡುವಿನ ಮಾವಿನಕುರ್ವೆಯಿಂದ ಬೆಳಿಗ್ಗೆ ದೋಣಿಯಲ್ಲಿ ಬಂದು ಸಂಜೆ ಹೋಗುತ್ತಿದ್ದಳು. ಅವಳ ಮನೆಯವರು ಮೀನು ಹಿಡಿಯುವವರು. ನಾವು ಕುಡಿಯುವ ನೀರನ್ನು ಅವಳು ಮುಟ್ಟುವಂತಿರಲಿಲ್ಲ. ಅದನ್ನು ತರುವವರು ಬೇರೆ, ಇಡುವ ಜಾಗ ಬೇರೆ. ಗಿಡಕ್ಕೆ ನೀರು ಹಾಕಬಹುದಿತ್ತು, ಗಿಡಕ್ಕೆ ಮೈಲಿಗೆ ಇಲ್ಲವಲ್ಲ. ಇದನ್ನು ಈಗ ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ. ಆಗ ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ಪೆಟೂನಿಯಾ ಬೀಜವೆಂದರೆ ಬೀಜವೇ ಅಲ್ಲ, ನಶ್ಯದ ಪುಡಿ. ಮಳೆ ಹಿಂದಾದ ಮೇಲೆ ಮೊದಲ ಸಲ ಅದನ್ನು ಕೊತ್ತಂಬರಿ ಬಿತ್ತಿದ ಹಾಗೆ ಬಿತ್ತಿ ಮೇಲೆ ಬೆರಳು ದಪ್ಪ ಮಣ್ಣು ಮುಚ್ಚಿದೆ. ಒಂದೂ ಹುಟ್ಟಲಿಲ್ಲ. ಎರಡನೆಯ ಸಲ ಮೇಲೆಯೇ ಚೆಲ್ಲಿದೆ. ಅರ್ಧ ಇರುವೆ ಹೊತ್ತುಕೊಂಡು ಹೋಯಿತು. ಉಳಿದರ್ಧ ಹುಟ್ಟಿ, ಎರಡೆರಡು ಎಲೆ ಬಿಟ್ಟು, ಒಂದು ಬೆಳಿಗ್ಗೆ ನೋಡುತ್ತೇನೆ, ಬುಡದಲ್ಲಿ ಕೊಳೆತು ಎಲ್ಲ ಅಡ್ಡ ಬಿದ್ದಿವೆ. ಪ್ರೀತಿ ಹೆಚ್ಚಾಗಿ ನೀರು ಸುರಿದೇ ಕೊಂದಿದ್ದೆ. ಪೊಟ್ಟಣದಲ್ಲಿ ಇನ್ನು ಚಿಟಿಕೆ ಬೀಜ ಉಳಿದಿತ್ತು, ಅಷ್ಟೆ. ನಾನು ಸಸಿ ಹಾಕಿದ್ದ ಡಬ್ಬವನ್ನು ಕಾಲಿನಿಂದ ಒದ್ದೆ. ಚಿಮಣಿ ಎಣ್ಣೆಯ ಡಬ್ಬ, ಅಡ್ಡಕ್ಕೆ ಕೊಯ್ದದ್ದು. ಯುದ್ಧದ ಕಾಲದಲ್ಲಿ ಖಾಲಿ ಡಬ್ಬ ಸಿಗುವುದೂ ಕಷ್ಟ, ಅದು ನಗ್ಗಿತು.

ಆ ನೀರು ಹಾಕುವವಳು ನೋಡುತ್ತಾ ನಿಂತಿದ್ದಳು. "ಡಬ್ಬ ಎಂತ ಮಾಡ್ತು ಅಕ್ಕೋರೆ ನಿಮ್ಗೆ? ಇಲ್ಲಿ ಕೊಡಿ. ಹರಿವೆ ಬೀಜ ಹಾಕೂದಿಲ್ವಾ ನಾವು, ಹಾಂಗೇ ಮಾಡುವಾ" ಎಂದಳು.

ಮಣ್ಣನ್ನು ಜರಡಿ ಹಿಡಿದಳು. ಡಬ್ಬದ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ಮುಚ್ಚಿಹೋಗದ ಹಾಗೆ ಮೇಲೆ ಹೆಂಚಿನ ಚೂರು ಇಟ್ಟಳು. ಬೀಜಕ್ಕೆ ಒಣ ಮರಳು ಕಲಸಿ ಉಪ್ಪು ಉದುರಿಸಿದ ಹಾಗೆ ಉದುರಿಸಿದಳು. ಮಣ್ಣು ಮುಚ್ಚಲಿಲ್ಲ, ಹಸಿ ಗೋಣಿತಾಟು ಹೊದಿಸಿದಳು. ಮೊಳಕೆ ಕಂಡ ದಿನ ತಾಟು ತೆಗೆದಳು. ನೀರನ್ನು ಸುರಿಯಲಿಲ್ಲ, ಕಡ್ಡಿ ಹಿಡಿಯನ್ನು, ಅಂದರೆ ತೆಂಗಿನ ಕಡ್ಡಿಯ ಪೊರಕೆಯನ್ನು, ನೀರಲ್ಲಿ ಅದ್ದಿ ಕೊಡವುತ್ತಿದ್ದಳು, ಅಷ್ಟೇ. ಇರುವೆಗೆ ಸುತ್ತಲೂ ಬೂದಿಯ ಗೆರೆ. ಇಪ್ಪತ್ತು ದಿನಕ್ಕೆ ಡಬ್ಬದ ತುಂಬ ಹಸಿರು. ಒತ್ತಾಗಿದ್ದ ಸಸಿಗಳನ್ನು ಅವಳೇ ಕಿತ್ತು ಬೇರೆ ಡಬ್ಬಗಳಿಗೆ ನೆಟ್ಟಳು. ಉಳಿದ ನಾಲ್ಕಾರು ಕಡ್ಡಿಯಂಥ ಸಸಿಗಳನ್ನು ಎಸೆ ಎಂದೆ. "ಎಸೂದೆಂತಕೆ? ನಾ ತಕಂಡು ಹೋತೆ" ಎಂದು ಬಾಳೆಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಸಸಿ ಬದುಕುವುದಿಲ್ಲ ಎಂದು ನಾನು ಅವಳಿಗೆ ಪಾಠ ಹೇಳಿದೆ. ನನಗೆ ಪಾಠ ಹೇಳುವುದೊಂದೇ ಬರುತ್ತಿದ್ದದ್ದು.

ಆಮೇಲೆ ಊರಿನವರ ಸಲಹೆ ಶುರುವಾಯಿತು. ತೆಂಗಿಗೆ ಹಾಕುವ ಮೀನಿನ ಗೊಬ್ಬರ ಹಾಕಿ ಎಂದರು ಹೆಡ್ ಮಾಸ್ತರರು. ಹಾಕಿದೆ. ನಾಲ್ಕು ಓಣಿಯ ಬೆಕ್ಕುಗಳೆಲ್ಲ ಬಂದು ಎರಡು ಡಬ್ಬ ಕೆದರಿದವು. ಉಳಿದ ಗಿಡಗಳು ಕೊಬ್ಬಿ ಸೊಪ್ಪಾದವು, ಹೂವಿನ ಸುಳಿವಿಲ್ಲ. ಮೇಲಿನ ಮಣ್ಣನ್ನೇ ತೆಗೆದು ಬದಲಿಸಬೇಕಾಯಿತು. ತುದಿ ಚಿವುಟಿದರೆ ಕವಲೊಡೆದು ಹೂ ಬಿಡುತ್ತದೆ ಎಂದು ದಿಪೋಟಿ ಸಾಹೇಬರು ಒಂದು ಕಾರ್ಡು ಬರೆದು ತಿಳಿಸಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಚಿವುಟುವುದು ನನ್ನ ಕೆಲಸವಾಯಿತು. ಮೊಗ್ಗು ಕಂಡ ದಿನ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾರಾದರೂ ಗಿಡ ಮುಟ್ಟಿದರೆ ಬೆರಳಿಗೆ ಛಡಿ ಎಂದೆ. ಅವಳಿಗೂ ಹೇಳಿದೆ: "ನೀನೂ ಗಿಡ ಮುಟ್ಟಬೇಡ. ಬುಡಕ್ಕೆ ನೀರು ಹಾಕು, ಸಾಕು." ಅವಳು "ಆತು" ಎಂದಳು. ಅವತ್ತಿನಿಂದ ತೆಂಗಿನ ಗೆರಟೆಯಲ್ಲಿ ಬುಡಕ್ಕೆ ನೀರು ಬಿಡುತ್ತಿದ್ದಳು. ಒಂದು ಎಲೆಗೂ ಕೈ ಸೋಕಿಸಲಿಲ್ಲ. ಹುಟ್ಟಿಸಿದವಳು ಅವಳು, ಮುಟ್ಟಬೇಡ ಎಂದವಳು ನಾನು.

ಈಗ ನನ್ನ ಹಲ್ಲಿನ ವಿಷಯ ಹೇಳಬೇಕು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಅದೇ ಸಮಯಕ್ಕೆ ನನಗೆ ದವಡೆ ಹಲ್ಲಿನ ನೋವು ಶುರುವಾಯಿತು. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ತಲೆಗೆ ಬಟ್ಟೆ ಕಟ್ಟಿಕೊಂಡು ಪಾಠ ಮಾಡಿದೆ. ಒಂದು ದಿನ ಅವಳು ಮೆಲ್ಲಗೆ, "ಚೂರು ಹೊಗೆಸೊಪ್ಪು ಸುಣ್ಣದ ಸಂಗ್ತಿಗೆ ತಿಕ್ಕಿ ಹಲ್ಲಡಿ ಇಟ್ಕಳಿ. ನಮ್ಮವ್ವಿ ಹಾಂಗೇ ಮಾಡೂದು" ಎಂದಳು. ವಿಧವೆಗೆ ಕವಳವೇ ಇಲ್ಲ. ಎಲೆ ಅಡಿಕೆ ಮುತ್ತೈದೆಯರ ಸೊತ್ತು, ಅವರ ಹರಿವಾಣದಲ್ಲಿರುವ ಮಂಗಳದ್ರವ್ಯ. ಹಾಗಿರುವಾಗ ಹೊಗೆಸೊಪ್ಪು! ಆದರೆ ನೋವಿಗೆ ಶಾಸ್ತ್ರ ಗೊತ್ತಿಲ್ಲ. ಬಂದರದ ಹತ್ತಿರ ಭಟ್ಕಳದ ವ್ಯಾಪಾರಿಯೊಬ್ಬರ ಅಂಗಡಿಯಿತ್ತು. ಅಲ್ಲಿಂದ ಅವಳೇ ತಂದುಕೊಟ್ಟಳು, ತಲೆಯ ಮೇಲಿನ ಸಿಂಬೆಯ ಮಡಿಕೆಯಲ್ಲಿ ಇಟ್ಟುಕೊಂಡು, ಅದರ ಮೇಲೆ ನೀರಿನ ಕೊಡಪಾನ ಹೊತ್ತು. ಹಲ್ಲುನೋವು ಎಂಟು ದಿನಕ್ಕೆ ಹೋಯಿತು. ಹೊಗೆಸೊಪ್ಪು ಹೋಗಲಿಲ್ಲ. ಅದರಿಂದ ತಲೆ ಹಗುರಾಗುತ್ತಿತ್ತು. ಯಜಮಾನ್ತಿಯ ಮಾತು, ಕುಮಟೆಯಿಂದ ಬರುವ ಅಣ್ಣನ ಬೋಧನೆಯ ಪತ್ರ, ಯಾವುದೂ ಅರ್ಧ ಗಂಟೆ ನನ್ನನ್ನು ಮುಟ್ಟುತ್ತಿರಲಿಲ್ಲ. ವಾರಕ್ಕೊಮ್ಮೆ ಅವಳು ತರುತ್ತಿದ್ದಳು. ತಾನು ಮಾತ್ರ ಹಾಕುತ್ತಿರಲಿಲ್ಲ. ಬಾಯಿ ಸದಾ ಕೆಂಪಗಿತ್ತು, ಆದರೆ ಅದು ಬರೀ ಎಲೆ ಅಡಿಕೆ ಸುಣ್ಣ. "ಹೊಗೆಸೊಪ್ಪು ಹಾಕಿರೆ ನಂಗೆ ತಲೆ ತಿರುಗ್ತದೆ" ಎನ್ನುತ್ತಿದ್ದಳು.

ದಿನಾ ಬೆಳಿಗ್ಗೆ ಶಾಲೆಯ ಹಿಂದಿನ ಕೋಣೆಯಲ್ಲಿ, ಎಡ ಅಂಗೈಯಲ್ಲಿ ಸೊಪ್ಪು ಇಟ್ಟು ಬಲ ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ, ಬಾಯಿಗೆ ಹಾಕಿ, ಸ್ವಲ್ಪ ಹೊತ್ತಿಗೆ ಉಗಿದು, ಬಾಯಿ ತೊಳೆದು, ವಾಸನೆಗೆ ಏಲಕ್ಕಿ ಅಗಿಯುತ್ತಿದ್ದೆ. ಬಾಯಿಯ ವಿಷಯದಲ್ಲಿ ಅಷ್ಟು ಹುಷಾರು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ. ಆಮೇಲೆ ಹೊರಗೆ ಬಂದು ಅದೇ ಹೆಬ್ಬೆರಳಿನಿಂದ ಗಿಡದ ತುದಿ ಚಿವುಟುತ್ತಿದ್ದೆ.

ಹೂವು ಬಂತು. ನೇರಳೆ, ಬಿಳಿ, ಒಂದೆರಡು ಗುಲಾಬಿ ಬಣ್ಣದ್ದು. ಆ ಹದಿನೈದು ದಿನ ನಾನು ಶಾಲೆಗೆ ಬರುವಾಗ ಬೇಗ ಬೇಗ ನಡೆಯುತ್ತಿದ್ದೆ ಎಂಬುದು ನೆನಪಿದೆ. ಹದಿನೈದೇ ದಿನ. ಆಮೇಲೆ ಹೊಸ ಎಲೆಗಳು ಸುಕ್ಕಾಗಿ ಮುರುಟತೊಡಗಿದವು. ಎಲೆಯ ಮೇಲೆ ಹಸಿರೂ ಹಳದಿಯೂ ತೇಪೆ ಹಾಕಿದ ಹಾಗೆ. ಹೂವು ಗಿಡ್ಡವಾಯಿತು, ಬಣ್ಣ ಹರಿದುಹೋಯಿತು. ಒಂದಾದ ಮೇಲೆ ಒಂದು ಡಬ್ಬಕ್ಕೆ ಹತ್ತಿತು.

ನಮ್ಮ ಕರಾವಳಿಯಲ್ಲಿ ಯಾವ ಗಿಡದ ಎಲೆ ಹಳದಿಯಾದರೂ ಜನರ ಬಾಯಲ್ಲಿ ಒಂದೇ ಉತ್ತರ, ಉಪ್ಪು ಹೊಡೆದಿದೆ. ಗದ್ದೆಗೆ ಉಪ್ಪು ನುಗ್ಗುವುದನ್ನು ಹುಟ್ಟಿದಾಗಿನಿಂದ ನೋಡಿದವರು, ಇನ್ನೇನು ಹೇಳಿಯಾರು? ಹೆಡ್ ಮಾಸ್ತರರು ಕನ್ನಡಕ ಏರಿಸಿ ನೋಡಿ, "ಉಪ್ಪೇ" ಎಂದರು. ಯಜಮಾನ್ತಿ ನೋಡದೆಯೇ ಉಪ್ಪು ಎಂದಳು. ನಾನೂ ಇದೇ ಮಣ್ಣಿನವಳು, ನನಗೂ ಉಪ್ಪೇ ಕಂಡಿತು. ಶಾಲೆಗೆ ಎರಡು ಬಾವಿಗಳ ನೀರು ಸಿಗುತ್ತಿತ್ತು. ಗುಡ್ಡದ ಬುಡದ ಬಾವಿಯದು ಸಿಹಿ, ಆದರೆ ದೂರ. ಶಾಲೆಯ ಹಿಂದೆ ಹೊಳೆಯ ಕಡೆಗೊಂದು ಬಾವಿ, ಸಮುದ್ರದ ಭರತ ಏರಿ ಬಂದಾಗ ಅದರ ನೀರು ಉಪ್ಪಾಗುತ್ತಿತ್ತು. ಇವಳು ದೂರ ನಡೆಯುವ ಸೋಮಾರಿತನಕ್ಕೆ ಹಿಂದಿನ ಬಾವಿಯ ನೀರು ಹಾಕಿದ್ದಾಳೆ ಎಂದು ನನ್ನ ತಲೆಗೆ ಬಂದದ್ದೇ ತಡ, ಅದು ನಿಜವೇ ಆಗಿಹೋಯಿತು.

ಅವಳು ಕೊಡಪಾನ ಹೊತ್ತು ಬರುತ್ತಿದ್ದಾಗ ಅಂಗಳದ ಮಧ್ಯೆ ತಡೆದು ನಿಲ್ಲಿಸಿದೆ. ಹುಡುಗಿಯರೆಲ್ಲ ಕಿಟಕಿಯಲ್ಲಿ.

"ಎಲ್ಲಿಯ ನೀರು ಇದು?"

"ಗುಡ್ಡೆ ಬಾವೀದು, ಅಕ್ಕೋರೆ."

"ಸುಳ್ಳು ಹೇಳಬೇಡ. ಹಿಂದಿನ ಬಾವಿಯ ಉಪ್ಪು ನೀರು ಹಾಕಿ ನನ್ನ ಗಿಡ ಕೊಂದೆಯಲ್ಲ!"

ಅವಳು ಕೊಡಪಾನ ಇಳಿಸಿದಳು. ಏದುಸಿರು ಬಿಡುತ್ತಿದ್ದಳು, ದೂರದಿಂದ ಹೊತ್ತು ತಂದದ್ದು ಅದರಿಂದಲೇ ಗೊತ್ತಾಗಬೇಕಿತ್ತು. "ಕುಡ್ದು ನೋಡಿ" ಎಂದಳು. ಗೆರಟೆಯಲ್ಲಿ ನೀರು ತುಂಬಿ ನನ್ನ ಮುಂದೆ ಹಿಡಿದಳು. "ಉಪ್ಪೋ ಸೀಯೋ ನೀವೇ ಹೇಳಿ."

ಒಂದು ಗುಟುಕು, ಅಷ್ಟೇ ಸಾಕಿತ್ತು. ಒಂದು ಗುಟುಕಿನಲ್ಲಿ ಎಲ್ಲ ಮುಗಿಯುತ್ತಿತ್ತು. ಆದರೆ ಅವಳ ಕೊಡಪಾನದ ನೀರು, ಅವಳ ಕೈಯ ಗೆರಟೆ. ಕಿಟಕಿಯಲ್ಲಿ ಹುಡುಗಿಯರು, ಜಗುಲಿಯಲ್ಲಿ ಹೆಡ್ ಮಾಸ್ತರರು. ಅವಳು ತಂದ ಹೊಗೆಸೊಪ್ಪು ಬಾಯಿಗೆ ಹಾಕಬಹುದಿತ್ತು, ಬಾಗಿಲು ಮುಚ್ಚಿಕೊಂಡು. ಅವಳು ತಂದ ನೀರು ಬಾಯಿಗೆ ಹಾಕಲಾಗಲಿಲ್ಲ. ನಾನು ಹಿಂದೆ ಸರಿದು, "ಎದುರು ಮಾತಾಡ್ತೀಯಾ?" ಎಂದು ಕಿರುಚಿದೆ. ಅವಳು ಗೆರಟೆಯ ನೀರನ್ನು ನೆಲಕ್ಕೆ ಚೆಲ್ಲಿದಳು. ನನ್ನ ಮುಖ ನೋಡುತ್ತಲೇ ಚೆಲ್ಲಿದಳು. ಅವತ್ತೇ ನಾನು ಹೆಡ್ ಮಾಸ್ತರರಿಗೆ ದೂರು ಬರೆದುಕೊಟ್ಟೆ. ನನ್ನ ಅಕ್ಷರ ದುಂಡಗಿತ್ತು, ಎಲ್ಲರೂ ಹೊಗಳುತ್ತಿದ್ದರು. ಆ ದುಂಡಗಿನ ಅಕ್ಷರದಲ್ಲಿ, ಉಪ್ಪು ನೀರು ಹಾಕಿ ಶಾಲೆಯ ಗಿಡಗಳನ್ನು ಹಾಳು ಮಾಡಿದ್ದಾಳೆ ಎಂದು ಬರೆದೆ.

ಸಂಕ್ರಾಂತಿ ಕಳೆದ ವಾರ ದಿಪೋಟಿ ಸಾಹೇಬರು ಬಂದರು. ಹುಡುಗಿಯರ ಲೆಕ್ಕ, ಓದು ನೋಡಿದ ಮೇಲೆ ಅಂಗಳಕ್ಕೆ ಬಂದು ಡಬ್ಬಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಹೆಡ್ ಮಾಸ್ತರರು ಕೈಕಟ್ಟಿಕೊಂಡು ಉಪ್ಪಿನ ಕತೆ ಹೇಳಿದರು. ಸಾಹೇಬರು ತಲೆಯಾಡಿಸಿದರು.

"ಇದು ಉಪ್ಪಿನ ಕಾಟ ಅಲ್ರಿ. ಉಪ್ಪಾದ್ರ ಎಲಿ ಅಂಚು ಸುಡತದ. ಇಲ್ನೋಡ್ರಿ, ಹಸಿರು ಹಳದಿ ಕಲಸಿದಂಗ ಆಗೇದ. ಇದು ತಂಬಾಕಿನ ರೋಗ. ನಮ್ಮ ಕಡೆ ತಂಬಾಕಿನ ಹೊಲದಾಗ ಬರತದ. ಈ ಗಿಡ ತಂಬಾಕಿನ ದಾಯಾದಿ ಅಂತ ತಿಳೀರಿ. ತಂಬಾಕು ತಿಕ್ಕಿದ ಕೈಲೆ ಮುಟ್ಟಿದ್ರ ಇದಕ್ಕೂ ಹತ್ತತದ." ಆಮೇಲೆ ಎದ್ದು ಧೋತರ ಕೊಡವುತ್ತ, "ಇಲ್ಲೆ ತಂಬಾಕು ತಿನ್ನೋರು ಯಾರದಾರ?" ಎಂದು ಕೇಳಿದರು. ಗದರಿಸಿ ಕೇಳಲಿಲ್ಲ, ಸುಮ್ಮನೆ ಕೇಳಿದರು.

ಎಲ್ಲರ ಕಣ್ಣೂ ಅವಳ ಕೆಂಪು ಬಾಯಿಗೆ ಹೋಯಿತು. ನನ್ನ ಕಣ್ಣೂ ಹೋಯಿತು. ನನ್ನ ಸೊಂಟದಲ್ಲಿ, ಸೀರೆಯ ಗಂಟಿನಲ್ಲಿ, ಅವಳು ಮೊನ್ನೆಯಷ್ಟೇ ತಂದುಕೊಟ್ಟ ಪೊಟ್ಟಣ ಇತ್ತು.

"ನಾ ಕವಳ ಹಾಕ್ತೆ ಸಾಯೇಬ್ರೆ. ಹೊಗೆಸೊಪ್ಪು ಹಾಕೂದಿಲ್ಲ" ಎಂದಳು ಅವಳು.

ಹೆಡ್ ಮಾಸ್ತರರಿಗೆ ಎಲ್ಲಿಲ್ಲದ ಹುರುಪು ಬಂತು. "ಹಾಕೂದಿಲ್ವಾ? ಬಂದರದ ಅಂಗಡೀಲಿ ಹೊಗೆಸೊಪ್ಪು ತಕೊಳ್ಳೂದು ನಾನೇ ಕಣ್ಣಾರೆ ನೋಡಿದ್ದೆ. ಒಂದು ಸಲ ಅಲ್ಲ. ಅದೆಂತ ದನಕ್ಕೆ ಹಾಕೂಕಾ?"

ಆಗ ಅವಳು ನನ್ನ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ತರಗತಿಯಲ್ಲಿ ಹುಡುಗಿ ಉತ್ತರ ಹೇಳುತ್ತಾಳೋ ಇಲ್ಲವೋ ಎಂದು ನಾನು ಕಾಯುತ್ತಿದ್ದೆನಲ್ಲ, ಹಾಗೆ ಕಾದಳು. ನಾನು ಡಬ್ಬದ ಕಡೆ ಮುಖ ಮಾಡಿದೆ. ಅವಳು ಏನೂ ಹೇಳಲಿಲ್ಲ.

ಸಾಹೇಬರಿಗೆ ಅಷ್ಟು ದೂರ ಹೋಗುವ ಮನಸ್ಸಿರಲಿಲ್ಲ. "ಇರ್ಲಿ ಬಿಡ್ರಿ. ರೋಗ ಹತ್ತಿದ್ದು ಕಿತ್ತು ಸುಡ್ರಿ, ಮಣ್ಣು ಬದಲಿ ಮಾಡ್ರಿ, ಸಾಬೂನು ಹಚ್ಚಿ ಕೈ ತೊಳಕೊಂಡು ಮುಟ್ರಿ. ಆತು" ಎಂದು ಇನ್ನೊಂದು ಪೊಟ್ಟಣ ಬೀಜ ಕೊಟ್ಟು ಹೋದರು. ಆದರೆ ಹೆಡ್ ಮಾಸ್ತರರ ಹತ್ತಿರ ನನ್ನ ದೂರಿನ ಕಾಗದ ಇತ್ತು. ಉಪ್ಪು ನೀರೂ ಅವಳದೇ, ಹೊಗೆಸೊಪ್ಪೂ ಅವಳದೇ, ಮೇಲಿಂದ ಸಾಹೇಬರ ಮುಂದೆ ಸುಳ್ಳು. ಉಪ್ಪಲ್ಲ ಎಂದು ಸಾಹೇಬರೇ ಹೇಳಿದ ಮೇಲೆ ಆ ಕಾಗದವನ್ನು ಹರಿದು ಹಾಕಬೇಕಿತ್ತು. ಅದು ಅವರಿಗೂ ಹೊಳೆಯಲಿಲ್ಲ, ನಾನೂ ನೆನಪಿಸಲಿಲ್ಲ. ಮರುದಿನ ಅವಳನ್ನು ಬಿಡಿಸಿದರು. "ನೀವು ಹೇಳಿದ್ದೇ ಸರಿಯಾತು ಅಕ್ಕೋರೆ" ಎಂದರು. ನಾನು ತಲೆಯಾಡಿಸಿದೆ. ಬಾಯಿ ತೆರೆದರೆ ನನ್ನ ಕೆಲಸ ಹೋಗುತ್ತಿತ್ತು. ಕುಮಟೆಯ ಆ ಮೂಲೆ ನನಗಾಗಿ ಕಾಯುತ್ತಲೇ ಇತ್ತು. ಇದು ನಿಜ. ಇದನ್ನು ನನ್ನ ಬಚಾವಿಗೆ ಹೇಳುತ್ತಿಲ್ಲ. ಅವಳಿಗೂ ಒಂದು ಕೆಲಸವಿತ್ತು, ಅದು ಹೋಯಿತು.

ಅವಳು ಹೋದ ಮೇಲೆ ನನಗೆ ಹೊಗೆಸೊಪ್ಪು ತಂದುಕೊಡುವವರು ಯಾರೂ ಇರಲಿಲ್ಲ. ಇದ್ದ ಪೊಟ್ಟಣ ಐದು ದಿನಕ್ಕೆ ಮುಗಿಯಿತು. ಆಮೇಲೆ ಹತ್ತು ದಿನ ತಲೆನೋವು, ಕೈ ನಡುಕ, ಕಾರಣವಿಲ್ಲದೆ ಹುಡುಗಿಯರಿಗೆ ಹೊಡೆತ. ಆ ಹುಡುಗಿಯರಲ್ಲಿ ಯಾರಾದರೂ ಇದನ್ನು ಓದಿದರೆ, ಆ ಹತ್ತು ದಿನದ ಹೊಡೆತಕ್ಕೆ ನಿಮ್ಮ ತಪ್ಪಿರಲಿಲ್ಲ. ಹೊಸ ಬೀಜವನ್ನು ಅವಳು ಮಾಡಿದ ಹಾಗೆಯೇ ಮಾಡಿ ಹಾಕಿದೆ, ಜರಡಿ ಮಣ್ಣು, ಮರಳು, ಗೋಣಿತಾಟು, ಕಡ್ಡಿ ಹಿಡಿ. ಸಸಿಗಳು ಬಂದವು. ನಾನೇ ನೆಟ್ಟೆ, ನಾನೇ ಚಿವುಟಿದೆ, ಅದೇ ಬೆರಳಿನಿಂದ. ಬೆರಳಿಗೆ ಹೊಗೆಸೊಪ್ಪು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಒಂದು ಎಲೆಯೂ ಮುರುಟಲಿಲ್ಲ.

ಹೆಡ್ ಮಾಸ್ತರರು ದಿನಾ ಬಂದು ನೋಡುತ್ತಿದ್ದರು. "ಕಂಡ್ರಾ, ಅವ್ಳು ಹೋದ್ದೇ ಹೋದ್ದು, ಗಿಡ ಸರಿಯಾತು" ಎನ್ನುತ್ತಿದ್ದರು. ಊರಿಗೆಲ್ಲ ಅದೇ ಸಾಕ್ಷಿಯಾಯಿತು. ನನ್ನ ತಪ್ಪಿನ ಸಾಕ್ಷಿಯನ್ನೇ ಅವಳ ತಪ್ಪಿನ ಸಾಕ್ಷಿ ಮಾಡಿ ಎಲ್ಲರೂ ನನ್ನ ಬೆನ್ನು ತಟ್ಟುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಆ ಡಬ್ಬಗಳನ್ನು ಅವರ ತಲೆಯ ಮೇಲೆ ಕವುಚಬೇಕು ಎನಿಸುತ್ತಿತ್ತು. ಆದರೆ ಅವರಿಗೆ ದೂರು ಬರೆದುಕೊಟ್ಟವಳು ಯಾರು?

ಹೋಳಿ ಹುಣ್ಣಿಮೆಗೆ ಶಾಲೆಗೆ ರಜೆ ಇತ್ತು. ಯಾರಿಗೂ ಹೇಳದೆ ಬಂದರಕ್ಕೆ ಹೋಗಿ ದೋಣಿ ಹತ್ತಿದೆ. ಬಿಳಿ ಸೀರೆಯ ಅಕ್ಕೋರು ಒಬ್ಬಳೇ ಮಾವಿನಕುರ್ವೆಗೆ ಯಾಕೆ ಹೊರಟಳು ಎಂದು ದೋಣಿಯವನು ಕೇಳಲಿಲ್ಲ, ನೋಡಿದ ಅಷ್ಟೆ. ಅಲ್ಲಿ ಇಳಿದು ವಿಚಾರಿಸಿದರೆ ಮನೆ ತೋರಿಸಿದರು. ಅವಳು ಅಂಗಳದಲ್ಲಿ ಚಾಪೆಯ ಮೇಲೆ ಮೀನು ಒಣಗಲು ಹರವುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಬನ್ನಿ ಎನ್ನಲಿಲ್ಲ.

ಅವಳ ಹಿಂದೆ, ಮೆಟ್ಟಿಲ ಪಕ್ಕ, ಬಾಯಿ ಒಡೆದ ಹಳೆ ಮಡಕೆಯಲ್ಲಿ ಪೆಟೂನಿಯಾ ಇತ್ತು. ಬದುಕುವುದಿಲ್ಲ ಎಂದು ನಾನು ಪಾಠ ಹೇಳಿದ್ದ ಸಸಿ. ಅಷ್ಟು ದೊಡ್ಡ ಗಿಡವನ್ನು ನಾನು ಶಾಲೆಯಲ್ಲಿ ಒಮ್ಮೆಯೂ ಬೆಳೆಸಿರಲಿಲ್ಲ. ಮಡಕೆಯ ಸುತ್ತ ನೆಲ ಮುಟ್ಟುವ ಹಾಗೆ ಇಳಿಬಿದ್ದು ನೇರಳೆ ಹೂವು ತುಂಬಿತ್ತು.

ಏನು ಹೇಳಬೇಕೆಂದು ದೋಣಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಯಿತು. "ಇದಕ್ಕೆ ಯಾವ ನೀರು ಹಾಕ್ತೀ?" ಎಂದು ಕೇಳಿದೆ. ಎಂಥ ಪ್ರಶ್ನೆ! ಅಷ್ಟು ದೂರ ಹೋಗಿ ಕೇಳಿದ್ದು ಅದನ್ನು.

"ನಮ್ಮ ಬಾವೀದು. ಈ ದಿನ್ದಲ್ಲಿ ಚೂರು ಉಪ್ಪೇ ಅದು" ಎಂದಳು.

"ಕುಡಿಯಲು ಕೊಡು" ಎಂದೆ. ಅವಳು ಒಳಗೆ ಹೋಗಿ ಗಿಂಡಿಯಲ್ಲಿ ನೀರು ತಂದು ನನ್ನ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟಳು. ನಾನು ತೆಗೆದುಕೊಂಡು ಪೂರ್ತಿ ಕುಡಿದೆ. ಉಪ್ಪಾಗಿತ್ತು. ಶಾಲೆಯ ಅಂಗಳದಲ್ಲಿ ಕುಡಿಯಬೇಕಾಗಿದ್ದ ಗುಟುಕನ್ನು ಇಲ್ಲಿ ಯಾರೂ ಇಲ್ಲದಾಗ ಕುಡಿದು ದೊಡ್ಡತನ ತೋರಿಸಲು ಹೊರಟಿದ್ದೆ ಎಂದು ಕುಡಿಯುತ್ತಿರುವಾಗಲೇ ಗೊತ್ತಾಯಿತು. ಅವಳಿಗೂ ಗೊತ್ತಾಯಿತು.

"ನಾಳೆ ಹೆಡ್ ಮಾಸ್ತರರಿಗೆ ನಿಜ ಹೇಳ್ತೇನೆ. ನೀನು ಕೆಲಸಕ್ಕೆ ಬಾ" ಎಂದೆ.

"ನೀವು ಹೇಳೂದಿಲ್ಲ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಇವತ್ತು ಗಾಳಿ ಜೋರು ಎನ್ನುವ ಹಾಗೆ ಹೇಳಿದಳು. "ಹೇಳೂದಾಗಿದ್ರೆ ಅವತ್ತೇ ಹೇಳ್ತಿದ್ರಿ. ಹೇಳೂದೂ ಬೇಡ. ಹೇಳಿರೆ ನಿಮ್ಮದೂ ಹೋತು, ನಂಗೆಂತ ಬಂತು?"

"ನೀನಾದರೂ ಅವತ್ತು ಯಾಕೆ ಹೇಳಲಿಲ್ಲ? ನನ್ನ ಸಲುವಾಗಿ ಸುಮ್ಮನಿದ್ದೆಯಾ?"

ಆಗ ಅವಳಿಗೆ ಸಿಟ್ಟು ಬಂತು. ಕೈಯಲ್ಲಿದ್ದ ಮೀನನ್ನು ಚಾಪೆಗೆ ಎಸೆದಳು. "ನಿಮ್ಮ ಸಲುವಾಗಿ ಎಂತಕೆ? ಅಕ್ಕೋರು ಹೊಗೆಸೊಪ್ಪು ಹಾಕ್ತ್ರು ಅಂತ ನಾ ಹೇಳಿರೆ ಅಲ್ಲಿ ನಂಬೂರು ಯಾರಿದ್ರು? ನೀವು ಇಲ್ಲ ಅಂದ್ರೆ ಆತು, ನಂಗೆ ಸುಳ್ಳಿ ಅಂತ ಇನ್ನೊಂದು ಹೆಸ್ರು."

ಅವಳು ಮತ್ತೆ ಕೂತು ಮೀನು ಹರವತೊಡಗಿದಳು. ಸುಮ್ಮನೆ ನಿಲ್ಲಲಾಗದೆ ನಾನು ಮಡಕೆಯ ಹತ್ತಿರ ಹೋದೆ. ಗಿಡದಲ್ಲಿ ಒಂದು ಬಾಡಿದ ಹೂವಿತ್ತು. ಬಾಡಿದ್ದನ್ನು ಆಗಾಗ ತೆಗೆಯದಿದ್ದರೆ ಗಿಡ ಬೀಜ ಕಟ್ಟಿ ಸೊರಗುತ್ತದೆ. ಅಭ್ಯಾಸಬಲದಿಂದ ಬಗ್ಗಿ ಬೆರಳು ಚಾಚಿದೆ.

"ಮುಟ್ಟಬೇಡಿ ಅಕ್ಕೋರೆ" ಎಂದಳು ಅವಳು. ತಲೆ ಎತ್ತಿಯೂ ಇರಲಿಲ್ಲ.

ನಾನು ಹೊಗೆಸೊಪ್ಪು ಬಿಟ್ಟು ತಿಂಗಳು ದಾಟಿತ್ತು. ಕೈ ಸ್ವಚ್ಛವಾಗಿತ್ತು. ಅದನ್ನು ಹೇಳಬೇಕೆಂದು ಬಾಯಿ ತನಕ ಬಂತು. ಕೈ ಹಿಂದಕ್ಕೆ ತೆಗೆದುಕೊಂಡೆ.